ಕಿವಿ ಪಾಳಿ

ಉತ್ತರದ ಹೆದ್ದಾರಿಯ ಬಸ್ಸು ಹತ್ತುವವರಿಗೆಲ್ಲ ಡ್ರೈವರ್ ಅಂದರೆ ತಮ್ಮ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು, ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಳು, ನಿವೃತ್ತಿ ಹೊಸ್ತಿಲಿಗೆ ಬಂದು ನಿಂತಿತ್ತು. ಆದರೂ ತಮ್ಮನೇ. ಈ ಹೆಸರು ಅಂಟಿಸಿದವಳು ಅವನ ಅಕ್ಕ. ವಾರದಲ್ಲಿ ಎರಡು ಸಲವಾದರೂ ಅವಳು ಬಸ್ಸು ಹತ್ತುವಳು, ಮೆಟ್ಟಿಲ ಮೇಲೆ ನಿಂತು, "ತಮ್ಮಾ, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?" ಎಂದು ಕೊನೆಯ ಸೀಟಿನವರಿಗೂ ಕೇಳುವ ಹಾಗೆ ವಿಚಾರಿಸುವಳು. ಕೇಳಿದವರು ನಕ್ಕರು, ನಕ್ಕವರು ಹಾಗೆಯೇ ಕರೆಯತೊಡಗಿದರು, ಕೊನೆಗೆ ಡಿಪೋದ ಮ್ಯಾನೇಜರ್ ಕೂಡ ಕೆಲಸದ ಪಟ್ಟಿ ಓದುವಾಗ "ಉತ್ತರದ ಬಸ್ಸಿಗೆ ನಮ್ಮ ತಮ್ಮ" ಎನ್ನುವಂತಾಯಿತು.

ಅಕ್ಕ ಕೂರುತ್ತಿದ್ದುದು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ. ಅನುಭವಸ್ಥರು ಯಾರೂ ಅಲ್ಲಿ ಕೂರುವುದಿಲ್ಲ. ತಿಂದದ್ದು ಗಂಟಲಿಗೆ ಬರುವ ಜಾಗ ಅದು. ಹಲ್ಲು ಕಟ್ಟಿಸಿಕೊಂಡವರು ಹಲ್ಲು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು ಎಂದು ಕಂಡಕ್ಟರಮ್ಮ ಹೇಳುತ್ತಿದ್ದಳು. ಅಕ್ಕ ಮಾತ್ರ ಕೈಚೀಲವನ್ನು ಮಡಿಲಲ್ಲಿಟ್ಟು, ಕಿಟಕಿಯ ಸರಳಿಗೆ ತಲೆ ಆನಿಸಿ, ಊರಿನ ಕೊನೆಯ ಮನೆ ದಾಟುವ ಮೊದಲೇ ನಿದ್ದೆ ಹೋಗಿರುತ್ತಿದ್ದಳು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಅಂಥವಳು ಈಕೆ ಎಂದು ಹೊಸ ಪ್ರಯಾಣಿಕರು ಅಂದುಕೊಳ್ಳುತ್ತಿದ್ದರು. ಪಾಪ, ಅವರಿಗೇನು ಗೊತ್ತು. ಅಕ್ಕನಿಗೆ ನಿದ್ದೆ ಅಂತ ಬರುತ್ತಿದ್ದುದು ಆ ಬಸ್ಸಿನಲ್ಲಿ, ಆ ಸೀಟಿನಲ್ಲಿ ಮಾತ್ರ. ಮನೆಯ ಹಾಸಿಗೆಯಲ್ಲಿ ಅವಳು ಬೆಳಗಿನವರೆಗೂ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು.

ಹೆದ್ದಾರಿಯೂ ನಿದ್ದೆ ಬರಿಸುವಂಥದ್ದೇ. ಊರು ದಾಟಿದರೆ ಮನೆಯಿಲ್ಲ, ಮರವಿಲ್ಲ. ಎರಡೂ ಕಡೆ ಕಂದು ಹುಲ್ಲು, ಗಾಳಿ ಹೇಳಿದ ಕಡೆಗೆ ಬಾಗಿಕೊಂಡು. ದೂರದಲ್ಲಿ ಬೂದುಬಣ್ಣದ ಗುಡ್ಡಗಳ ಸಾಲು. ಎಷ್ಟು ಹೊತ್ತು ಓಡಿಸಿದರೂ ಅವು ಹತ್ತಿರ ಬರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬಸ್ಸು ನಿಂತಿದೆ, ನೆಲವೇ ಹಿಂದಕ್ಕೆ ಹರಿಯುತ್ತಿದೆ ಅನ್ನಿಸತೊಡಗುತ್ತದೆ. ಮಾತಾಡುತ್ತಿದ್ದವರ ಮಾತು ಅರ್ಧಕ್ಕೇ ನಿಲ್ಲುತ್ತದೆ, ತಲೆಗಳು ಒಂದೊಂದಾಗಿ ವಾಲುತ್ತವೆ. ಎಚ್ಚರವಿರುವವರು ಇಬ್ಬರೇ: ತಮ್ಮ, ಮತ್ತು ಅವನು ತೂಕಡಿಸದಂತೆ ಪಕ್ಕದಲ್ಲಿ ಕೂತು ಊರಿನವರ ಸಮಾಚಾರವನ್ನೆಲ್ಲ ಒಪ್ಪಿಸುವ ಕಂಡಕ್ಟರಮ್ಮ. ಕನಸು ಕಾಣುವ ಜನರನ್ನು ತುಂಬಿಕೊಂಡು ಹೋಗುವ ಕೆಲಸ ತನ್ನದು ಎಂದು ತಮ್ಮನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಅವರ ಕನಸು ಕೆಡದ ಹಾಗೆ ಗೇರು ಬದಲಿಸುವುದರಲ್ಲಿ ಅವನಿಗೆ ಒಂದು ಹೆಮ್ಮೆಯೂ ಇತ್ತು.

ದಾರಿಯ ನಡುಮಧ್ಯದಲ್ಲಿ ಗಣಿಯ ಊರು. ಈಗ ಊರಲ್ಲ, ಊರಿನ ಅಸ್ಥಿಪಂಜರ. ಸೂರಿಲ್ಲದ ಸಾಲುಮನೆಗಳು, ಗಾಳಿಗೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲುಗಳು, ಹುಲ್ಲು ಬೆಳೆದ ಶಾಲೆಯ ಅಂಗಳ. ಅವುಗಳ ಹಿಂದೆ, ಜನ ಗಣಿಗೆ ಇಳಿಯುತ್ತಿದ್ದ ಬಾವಿಯ ಮೇಲಿನ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗದ ದೊಡ್ಡ ಗಾಲಿ. ಅಲ್ಲಿ ಇಳಿಯುವವರಿಲ್ಲ, ಹತ್ತುವವರಿಲ್ಲ. ಆದರೂ ಅದನ್ನು ದಾಟುವಾಗ ತಮ್ಮ ಉದ್ದಕ್ಕೂ ಹಾರನ್ ಒತ್ತಿ ಹಿಡಿಯುತ್ತಿದ್ದ. ದೆವ್ವಗಳಿಗೆ ದಾರಿ ಬಿಡಿ ಅಂತೀರೇನು ಎಂದು ಕಂಡಕ್ಟರಮ್ಮ ಛೇಡಿಸಿದರೆ ನಗುತ್ತಿದ್ದ. ನಿಜ ಹೇಳಬೇಕೆಂದರೆ ಆ ಊರಿನ ಮೌನ ಅವನಿಗೆ ಆಗಿಬರುತ್ತಿರಲಿಲ್ಲ.

ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಅಲ್ಲೇ. ಆಗ ಊರ ನಡುವೆ ಅದಿರು ಪುಡಿಮಾಡುವ ಗಿರಣಿಯೊಂದಿತ್ತು, ಬಂಡೆಗಳನ್ನು ಕಡಲೆಯಂತೆ ಜಗಿಯುವಂಥದ್ದು. ಹಗಲಿಲ್ಲ ರಾತ್ರಿಯಿಲ್ಲ, ಅದು ಓಡುತ್ತಲೇ ಇರುತ್ತಿತ್ತು. ಅದರ ಸದ್ದು ಕಿವಿಗಿಂತ ಹೆಚ್ಚಾಗಿ ಅಂಗಾಲಿಗೆ ತಿಳಿಯುತ್ತಿತ್ತು. ಗೂಡಿನಲ್ಲಿಟ್ಟ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು, ಲೋಟದ ನೀರಿನಲ್ಲಿ ಉಂಗುರ ಉಂಗುರವಾಗಿ ಅಲೆ ಏಳುತ್ತಿತ್ತು. ನೀರು ಅಂದಮೇಲೆ ಉಂಗುರ ಇದ್ದೇ ಇರುತ್ತದೆ ಎಂದು ಅಲ್ಲಿನ ಮಕ್ಕಳು ತಿಳಿದಿದ್ದರು. ಬೇರೆ ಕಡೆಯಿಂದ ಬಂದ ನೆಂಟರು ತಲೆನೋವು ಎಂದು ಮಾರನೆಯ ದಿನವೇ ಗಂಟು ಕಟ್ಟುತ್ತಿದ್ದರು. ಗಣಿಯವರಿಗೋ, ಆ ಗುಡುಗುಡು ಇದ್ದರೇ ನಿದ್ದೆ. ತೊಟ್ಟಿಲು ತೂಗುವ ಕಷ್ಟವೇ ಅಲ್ಲಿನ ತಾಯಂದಿರಿಗೆ ಇರಲಿಲ್ಲ.

ಗಿರಣಿ ನಿಂತರೆ ಮಾತ್ರ ಊರಿಗೆ ಊರೇ ಎಚ್ಚರಾಗುತ್ತಿತ್ತು. ಕೆಳಗೆ ಕಲ್ಲು ಕುಸಿದರೆ ಮೇಲಿನವರು ಮೊದಲು ಮಾಡುತ್ತಿದ್ದ ಕೆಲಸ ಗಿರಣಿ ನಿಲ್ಲಿಸುವುದು. ಸಿಕ್ಕಿಕೊಂಡವರು ಬದುಕಿದ್ದರೆ ಕಲ್ಲಿನಿಂದಲೋ ಸುತ್ತಿಗೆಯಿಂದಲೋ ತಟ್ಟುತ್ತಾರೆ, ಆ ತಟ್ಟುವ ಸದ್ದು ಮೇಲಕ್ಕೆ ಕೇಳಬೇಕು. ಹಾಗಾಗಿ ಗಿರಣಿ ನಿಂತಿತೆಂದರೆ ಊರಿನಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಹೆಂಗಸರು ಕುದಿಯುವ ಪಾತ್ರೆ ಇಳಿಸಿಬಿಡುತ್ತಿದ್ದರು, ಅಳುವ ಕೂಸಿಗೆ ಮೊಲೆ ಕೊಡುತ್ತಿದ್ದರು, ಗಂಡಸರು ಬೂಟು ಕಳಚಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಬಾವಿಯ ಕಡೆ ನಡೆಯುತ್ತಿದ್ದರು. ಕೆಳಗಿದ್ದವರು ಮೇಲೆ ಬಂದರೆ ಗಿರಣಿ ಮತ್ತೆ ಶುರುವಾಗುತ್ತಿತ್ತು. ಇನ್ನು ಬರುವುದಿಲ್ಲ ಎಂದು ಗಟ್ಟಿಯಾದರೂ ಶುರುವಾಗುತ್ತಿತ್ತು. ಮನೆಯಲ್ಲಿ ಕೂತವರಿಗೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಅಪ್ಪ ಎದೆಗೆ ದೂಳು ತುಂಬಿ ಸತ್ತ, ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಅಕ್ಕ ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ತಮ್ಮನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಹೋದಳು. ಭಾವ ಗಣಿಯೊಳಗೆ ಬಂಡೆ ಕೊರೆಯುವ ಕೆಲಸದವನು. "ನಿಮ್ಮಕ್ಕ ತಂದ ಬಳುವಳಿ ಅಂದ್ರೆ ನೀನೊಬ್ಬನೇ ಕಣೋ, ಅದೂ ತಿಂದು ಖರ್ಚು ಮಾಡೋ ಬಳುವಳಿ," ಎಂದು ತಮಾಷೆ ಮಾಡುತ್ತ ತನ್ನ ತಟ್ಟೆಯಲ್ಲಿದ್ದುದನ್ನು ಅವನ ತಟ್ಟೆಗೆ ಸರಿಸುತ್ತಿದ್ದ. ಅಂಥ ಮನುಷ್ಯ. ಅಕ್ಕ ಕೆಳಗಿಳಿಯುವವರಿಗೆ ದೀಪ ಕೊಡುವ ಗಣಿಯ ದೀಪದ ಕೋಣೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಗಿರಣಿ ನಿಂತಿತು. ಅವಳು ಕೆದರಿದ ತಲೆಯಲ್ಲೇ ಎದ್ದು ಓಡಿದಳು. ಭಾವನ ಜೊತೆಗಿದ್ದವರನ್ನು ಮೇಲಕ್ಕೆ ತಂದರು. ಭಾವ ಬರಲಿಲ್ಲ, ಅವನ ಹೆಣವೂ ಬರಲಿಲ್ಲ. ಕೆಲವು ದಿನ ಕಳೆದ ಮೇಲೆ ಗಿರಣಿ ಶುರುವಾಯಿತು. ಆ ದಿನಗಳಲ್ಲಿ ಬಾವಿಯ ಹತ್ತಿರ ಏನು ನಡೆಯಿತೆಂದು ತಮ್ಮ ಕೇಳಲಿಲ್ಲ, ಅಕ್ಕ ಹೇಳಲಿಲ್ಲ. ಅವಳು ಅತ್ತದ್ದನ್ನೂ ಅವನು ಕಾಣಲಿಲ್ಲ.

ಮುಂದೆ ಅದಿರು ಮುಗಿಯಿತು, ಗಣಿ ಮುಚ್ಚಿತು. ಜನ ಹಾಸಿಗೆ ಪಾತ್ರೆ ಕಟ್ಟಿಕೊಂಡು ಹೆದ್ದಾರಿಯ ದಕ್ಷಿಣದ ತುದಿಯಲ್ಲಿದ್ದ ಪಟ್ಟಣಕ್ಕೆ ಬಂದರು. ಬಂದವರಿಗೆ ಹೊಸ ಮನೆಯಲ್ಲಿ ಎಲ್ಲವೂ ಇತ್ತು, ನಿದ್ದೆಯೊಂದಿರಲಿಲ್ಲ. ಕೆಲವರು ರೈಲುಹಳಿಯ ಪಕ್ಕದಲ್ಲಿ ಮನೆ ಹುಡುಕಿಕೊಂಡರು. ತಮ್ಮನೋ ಬಸ್ಸಿನ ಡ್ರೈವರ್ ಆದ. ಸದ್ದುಗದ್ದಲವಿಲ್ಲದ ಬೇರೊಂದು ಊರಿನಿಂದ ಬಂದ ಅವನ ಹೆಂಡತಿಗೆ ಅವನ ಮನೆ ಜಾತ್ರೆಯ ಹಾಗೆ ಕಂಡಿತು: ಬೇರಿಂಗು ಸವೆದು ಕಿರುಗುಟ್ಟುವ ಫ್ಯಾನು, ಕೇಳುವವರಿಲ್ಲದಿದ್ದರೂ ಹಾಡುವ ರೇಡಿಯೋ. ಫ್ಯಾನು ರಿಪೇರಿ ಮಾಡಿಸಿ ಎಂದು ಅವಳು, ಮುಟ್ಟಬೇಡ ಎಂದು ಇವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಅವಳೇ ಕಿವಿಗೆ ಹತ್ತಿ ಇಟ್ಟುಕೊಂಡು ಸಂಸಾರ ತೂಗಿಸಿದಳು.

ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ದೊಡ್ಡ ಯಂತ್ರಗಳು ಹಾಸಿಗೆಬಟ್ಟೆಗಳನ್ನು ಹೊಟ್ಟೆಯೊಳಗೆ ತಿರುಗಿಸುತ್ತ ನೆಲವನ್ನೇ ಅಲುಗಿಸುತ್ತಿದ್ದವು. ಊಟದ ಬಿಡುವಿನಲ್ಲಿ ಅವುಗಳಿಗೆ ಬೆನ್ನು ಕೊಟ್ಟು ಕೂತರೆ ಸಾಕು, ಅವಳಿಗೆ ಗಾಢ ನಿದ್ದೆ. ಆ ಒಂದು ತುಣುಕು ನಿದ್ದೆಯ ಮೇಲೆ ಅವಳು ಬದುಕಿದಳು. ನಿವೃತ್ತಿಯಾಯಿತು, ನಿದ್ದೆಯೂ ನಿವೃತ್ತಿಯಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯ ಮಂಪರಿನಲ್ಲಿ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ಒಂದು ದಿನ ಉತ್ತರದ ತುದಿಯ ಊರಿನಲ್ಲಿದ್ದ ಗೆಳತಿಯನ್ನು ನೋಡಲು ತಮ್ಮನ ಬಸ್ಸು ಹತ್ತಿದವಳು ಚಕ್ರದ ಮೇಲಿನ ಸೀಟಿನಲ್ಲಿ ಕೂತಳು. ಕೊನೆಯ ನಿಲ್ದಾಣದಲ್ಲಿ ತಮ್ಮನೇ ಅವಳ ಭುಜ ಅಲುಗಿಸಿ ಎಬ್ಬಿಸಬೇಕಾಯಿತು. ಅವಳ ಮುಖದ ಸುಕ್ಕುಗಳು ಸಡಿಲವಾಗಿದ್ದವು. ಹಾಗೆ ಶುರುವಾದದ್ದು ಈ ಪ್ರಯಾಣ. ಹೋಗುವುದು, ಬರುವುದು, ಅವಳಿಗೆ ಯಾವ ಊರನ್ನೂ ತಲುಪಬೇಕಿರಲಿಲ್ಲ. ಎರಡು ಪ್ರಯಾಣದ ನಡುವಿನ ದಿನಗಳನ್ನು ಅವಳು ಹೇಗೋ ನೂಕುತ್ತಿದ್ದಳು. ಹೃದಯ ಬಳಲಿದೆ, ಇಷ್ಟಾದರೂ ನಿದ್ದೆ ಮಾಡಲಿ, ಇಲ್ಲದಿದ್ದರೆ ಕಷ್ಟ ಎಂದು ಡಾಕ್ಟರು ತಮ್ಮನನ್ನು ಹೊರಗೆ ಕರೆದು ಹೇಳಿದ್ದರು.

ಹೀಗಿರುವಾಗ ಎರಡು ಒಳ್ಳೆಯ ಸುದ್ದಿಗಳು ಒಟ್ಟಿಗೆ ಬಂದವು, ತಮ್ಮನಿಗೆ ಮಾತ್ರ ಅವು ಒಳ್ಳೆಯವಾಗಿರಲಿಲ್ಲ. ಹೆದ್ದಾರಿಗೆ ಹೊಸ ಡಾಂಬರು ಬಂತು, ಹಾಲು ಚೆಲ್ಲಿದರೂ ಬಳಿದುಕೊಳ್ಳಬಹುದಾದಷ್ಟು ನುಣುಪಿನದು. ಅದರ ಹಿಂದೆಯೇ ಎಲೆಕ್ಟ್ರಿಕ್ ಬಸ್ಸು. ಓಡುವಾಗ ಸದ್ದಿಲ್ಲ, ನಿಂತರೆ ಇದೆಯೋ ಇಲ್ಲವೋ ಎಂಬ ಹಾಗೆ. ಊರಿಗೆಲ್ಲ ಹಬ್ಬ. ಹಳೆಯ ಬಸ್ಸನ್ನು ಇನ್ನೊಂದು ವರ್ಷ, ತನ್ನ ನಿವೃತ್ತಿಯವರೆಗಾದರೂ ಇಟ್ಟುಕೊಳ್ಳಿ ಎಂದು ಮ್ಯಾನೇಜರನ್ನು ತಮ್ಮ ಬೇಡಿಕೊಂಡ. ಬೇರೆ ಡ್ರೈವರುಗಳು ಹೊಸ ಬಸ್ಸಿಗಾಗಿ ಕಿತ್ತಾಡುತ್ತಿದ್ದರೆ ನೀನೊಬ್ಬ ಹಳೇ ಡಬ್ಬ ಬೇಕು ಅಂತೀಯಲ್ಲ ಎಂದು ಮ್ಯಾನೇಜರ್ ಬೆನ್ನು ತಟ್ಟಿ ಕಳಿಸಿದರು. ಅಕ್ಕನ ನಿದ್ದೆಯ ವಿಷಯ ಹೇಳಿದ್ದರೂ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತಿತ್ತು. ಕೊನೆಯ ದಿನಗಳಲ್ಲಿ ಅವನು ಹಳೆಯ ಬಸ್ಸಿನ ಸದ್ದನ್ನು ಮೊಬೈಲಿಗೆ ತುಂಬಿಕೊಂಡು ಅಕ್ಕನ ಹಾಸಿಗೆಯ ಪಕ್ಕ ಇಟ್ಟು ನೋಡಿದ. "ಇದು ಬರೀ ಬೊಗಳತ್ತೆ, ನೆಲ ಅಲ್ಲಾಡಲ್ಲ," ಎಂದು ಅಕ್ಕ ಅದನ್ನು ಆರಿಸಿದಳು. ಹಳೆಯ ಬಸ್ಸು ಗುಜರಿಗೆ ಹೋಯಿತು.

ಹೊಸ ಬಸ್ಸಿನ ಮೊದಲ ದಿನ ಅಕ್ಕ ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು, ನಡಿಗೆಯಲ್ಲಿ ಪಾದ ಎಳೆಯುತ್ತಿತ್ತು. ಅಭ್ಯಾಸದಂತೆ ಹಿಂದಿನ ಚಕ್ರದ ಮೇಲೆಯೇ ಕೂತಳು, ಮೆತ್ತನೆಯ ಸೀಟನ್ನು ಅನುಮಾನದಿಂದ ಒತ್ತಿ ನೋಡಿ. ಅವಳ ಸುತ್ತಮುತ್ತ ಗಣಿಯಿಂದ ಬಂದ ಹಳೆಯ ಜನ ಹಲವರಿದ್ದರು, ಮೊದಲ ದಿನದ ಸವಾರಿ ನೋಡೋಣವೆಂದು ಹತ್ತಿದವರು. ಉಳಿದವರು ಚಿಕ್ಕ ವಯಸ್ಸಿನವರು. ಕನ್ನಡಿಯಲ್ಲಿ ತಮ್ಮ ನೋಡಿದಾಗಲೆಲ್ಲ ಅಕ್ಕನ ಕಣ್ಣು ತೆರೆದೇ ಇತ್ತು. ಊರು ಹಿಂದಾಯಿತು, ಹುಲ್ಲು ಶುರುವಾಯಿತು, ಬೂದು ಗುಡ್ಡಗಳು ದೂರದಲ್ಲಿ ತೇಲಿದವು. ಬಸ್ಸು ನೀರಿನ ಮೇಲೆ ಹೋಗುವಂತೆ ಹೋಗುತ್ತಿತ್ತು. ಇತರರಿಗೆ ಅದೇ ಹಿತವಾಗಿ ತಲೆಗಳು ವಾಲಿದವು. ದಣಿವು ಎಷ್ಟಿತ್ತೋ, ಬಹಳ ಹೊತ್ತಿನ ಮೇಲೆ ಅಕ್ಕನ ರೆಪ್ಪೆಯೂ ಒಮ್ಮೆ ಮುಚ್ಚಿತು. ತಮ್ಮ ಕಂಡಕ್ಟರಮ್ಮನಿಗೆ ಮಾತು ಬೇಡವೆಂದು ಸನ್ನೆ ಮಾಡಿ, ಒಂದೇ ವೇಗದಲ್ಲಿ ಓಡಿಸಿದ.

ಗಣಿಯ ತಿರುವಿನ ಹತ್ತಿರ ಅವನ ಎದುರಿನ ಪರದೆಯ ಮೇಲೆ ಕೆಂಪು ದೀಪ ಹತ್ತಿತು. ಬಸ್ಸು ಯಾರನ್ನೂ ಕೇಳದೆ ತಾನೇ ರಸ್ತೆಯ ಅಂಚಿಗೆ ನಿಧಾನವಾಗಿ ಬಂದು ನಿಂತುಬಿಟ್ಟಿತು. ಪರದೆ ಆರಿತು, ತಂಪು ಗಾಳಿಯ ಸಣ್ಣ ಸದ್ದೂ ನಿಂತಿತು. ಹೊರಗೆ ಗಾಳಿ ಕೂಡ ಬಿದ್ದುಹೋಗಿತ್ತು. ಅಂಥ ಮೌನವನ್ನು ಬುದ್ಧಿ ಬಂದಾಗಿನಿಂದ ತಮ್ಮ ತಪ್ಪಿಸಿಕೊಂಡೇ ಬಂದಿದ್ದ.

ಕನ್ನಡಿಯಲ್ಲಿ ಅಕ್ಕ ಎದ್ದು ನಿಂತಿದ್ದಳು. ಅವಳ ಕಣ್ಣು ತೆರೆದಿತ್ತು, ಆದರೆ ಅದು ಬಸ್ಸನ್ನು ನೋಡುತ್ತಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಅವಳು ಬಾಗಿಲ ಕಡೆ ಬಂದಳು. ಅವಳ ಹಿಂದೆ, ತೂಕಡಿಸುತ್ತಿದ್ದ ಗಣಿಯ ಮುದುಕರು ಮುದುಕಿಯರು ಒಬ್ಬೊಬ್ಬರಾಗಿ ಎದ್ದರು. ಯಾರೂ ಯಾರನ್ನೂ ಏನೆಂದು ಕೇಳಲಿಲ್ಲ. ಒಬ್ಬ ಟೋಪಿ ತೆಗೆದ, ಇನ್ನೊಬ್ಬ ಬಗ್ಗಿ ಬೂಟಿನ ದಾರ ಬಿಚ್ಚಿದ. ಬೇರೆ ಯಾವ ಊರಿನವರೂ ಮಾಡದ ತಪ್ಪು ಅದು. ನಿಂತದ್ದು ಬಸ್ಸು ಎಂದು ಅವರ ತಲೆಗೆ ಹೊಳೆಯುವ ಮೊದಲೇ, ಗಿರಣಿ ನಿಂತಿತೆಂದು ಅವರ ಕಾಲುಗಳಿಗೆ ತಿಳಿದುಬಿಟ್ಟಿತ್ತು. ತಮ್ಮ ಬಾಗಿಲು ತೆಗೆದ. ಚಿಕ್ಕವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಹಳಬರೆಲ್ಲ ಇಳಿದು ಹುಲ್ಲಿನ ಮೇಲೆ ಅಲುಗದೆ ನಿಂತರು. ಹೊರಗಿನ ಬಿಸಿಲು ಮುಖಕ್ಕೆ ಹೊಡೆದ ಮೇಲೆ ಅವರಿಗೆ ಎಚ್ಚರವಾಗಿ, ಒಬ್ಬರ ಮುಖ ಒಬ್ಬರು ನೋಡಿ ನಾಚಿಕೊಂಡರು. ಒಬ್ಬಳು ಮಾತ್ರ ನಿಲ್ಲಲಿಲ್ಲ. ಅಕ್ಕ ಆಗಲೇ ಸಾಲುಮನೆಗಳ ನಡುವಿನ ಬೀದಿಯಲ್ಲಿ ಹೋಗುತ್ತಿದ್ದಳು, ಪಾದ ಎಳೆಯದೆ, ಹುಡುಗಿಯ ಹಾಗೆ.

ಬಸ್ಸನ್ನು ಕಂಡಕ್ಟರಮ್ಮನಿಗೆ ಒಪ್ಪಿಸಿ, ಡಿಪೋಗೆ ಫೋನು ಮಾಡಲು ಹೇಳಿ ತಮ್ಮ ಅವಳ ಹಿಂದೆ ಓಡಿದ. ತಾವಿದ್ದ ಮನೆ ಬಂತು. ಬಾಗಿಲಿನ ಜಾಗದಲ್ಲಿ ಆಕಾಶವಿತ್ತು. ದೀಪದ ಕೋಣೆ ಬಂತು, ಗೋಡೆಯ ಮೇಲೆ ದೀಪ ನೇತುಹಾಕುವ ಕೊಕ್ಕೆಗಳ ಸಾಲು ಇನ್ನೂ ಇತ್ತು. ಗಿರಣಿಯಿದ್ದ ಜಾಗದಲ್ಲಿ ಬರೀ ಕಟ್ಟೆ. ಎಲ್ಲವೂ ಅವನು ನೆನೆದದ್ದಕ್ಕಿಂತ ಚಿಕ್ಕದಾಗಿತ್ತು.

ಗಣಿಬಾವಿಯ ಬಾಯಿಯನ್ನು ಕಾಂಕ್ರೀಟಿನ ಚಪ್ಪಡಿ ಹಾಕಿ ಮುಚ್ಚಿದ್ದರು. ಚಪ್ಪಡಿಯ ಅಂಚಿನಲ್ಲಿ ಕೆಳಗಿನವರಿಗೆ ಗಾಳಿ ಒಯ್ಯುತ್ತಿದ್ದ ಕಬ್ಬಿಣದ ಕೊಳವೆ ತುಕ್ಕು ಹಿಡಿದು ಮೊಣಕಾಲೆತ್ತರಕ್ಕೆ ನಿಂತಿತ್ತು. ಅಕ್ಕ ಮಂಡಿಯೂರಿ ಅದಕ್ಕೆ ಕಿವಿ ಹಚ್ಚಿಕೊಂಡಿದ್ದಳು. ಅವನು ಹತ್ತಿರ ಬಂದು ಮೆಲ್ಲಗೆ ಹೆಗಲು ಮುಟ್ಟಿದ. ಬಸ್ಸು ಕೆಟ್ಟಿದೆ ಅಕ್ಕ, ಅಷ್ಟೇ, ಏಳು, ಹೋಗೋಣ ಎಂದ. ಅವಳಿಗೆ ಎಚ್ಚರವಾಗಿಯೇ ಇತ್ತು. ಗೊತ್ತು ಎಂದಳು. ಆದರೆ ಏಳಲಿಲ್ಲ.

"ನನಗೆ ನಿದ್ದೆ ಬರಲ್ಲ ಅಂತ ನೀವೆಲ್ಲ ಅಂದ್ಕೊಂಡಿದೀರಿ," ಎಂದಳು. "ಬರತ್ತೆ ತಮ್ಮಾ. ನಾನೇ ಮಾಡಲ್ಲ. ಸದ್ದಿದ್ರೆ ಪರವಾಗಿಲ್ಲ, ಹೇಗೂ ಏನೂ ಕೇಳಿಸಲ್ಲ ಅಂತ ಮಲಗಿಬಿಡ್ತೀನಿ. ಸದ್ದು ನಿಂತ ಮೇಲೆ ಹೇಗೆ ಮಲಗಲಿ? ಆ ಹೊತ್ತಲ್ಲೇ ನಿನ್ನ ಭಾವ ಕೆಳಗಿಂದ ತಟ್ಟಿದ್ರೆ?"

ಅಂದು ಬಾವಿಯ ಹತ್ತಿರ ನಡೆದದ್ದನ್ನು ಆಗ ಅವಳು ಹೇಳಿದಳು, ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ. ಗಿರಣಿ ನಿಂತಾಗ ಗಣಿಯವರು ಒಬ್ಬರಾದ ಮೇಲೆ ಒಬ್ಬರು ಈ ಕೊಳವೆಗೆ ಕಿವಿ ಕೊಟ್ಟು ಕೂರುತ್ತಿದ್ದರು. ಅದಕ್ಕೆ ಕಿವಿ ಪಾಳಿ ಎನ್ನುತ್ತಿದ್ದರು. ಮುಂದಿನವರು ಬಂದು, ಬಗ್ಗಿ, ಕಿವಿ ಇಟ್ಟ ಮೇಲೆಯೇ ಕೂತವರು ಏಳಬೇಕು. ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತೂ ಕೊಳವೆ ಖಾಲಿ ಇರಬಾರದು. ಅಕ್ಕ ಯಾರಿಗೂ ಜಾಗ ಬಿಡದೆ ಕೂತಿದ್ದಳಂತೆ. ಮೊದಲು ತಟ್ಟುವುದು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಹಿರಿಯರು ಬಂದು ಏನೂ ಒತ್ತಾಯ ಮಾಡದೆ ಸುಮ್ಮನೆ ಎದುರು ನಿಂತರು. ಇಂಥ ಹೊತ್ತಿನಲ್ಲಿ ಸಾಕು ಎನ್ನಬೇಕಾದವಳು ಸಿಕ್ಕಿಕೊಂಡವನ ಮನೆಯ ಹೆಂಗಸು. ಊರಿನ ಮಕ್ಕಳು ದಿನಗಟ್ಟಲೆ ನಿದ್ದೆಯಿಲ್ಲದೆ ಜ್ವರ ಬಂದು ಅಳುತ್ತಿದ್ದರು. ಆ ಮಕ್ಕಳಲ್ಲಿ ತಾನೂ ಒಬ್ಬನಿದ್ದೆ ಎಂಬುದು ತಮ್ಮನಿಗೆ ನೆನಪಿತ್ತು.

"ಸಾಕು ಅಂದೆ. ಎದ್ದೆ," ಎಂದಳು ಅಕ್ಕ. "ನನ್ನ ಜಾಗಕ್ಕೆ ಇನ್ನೊಬ್ಬರು ಬಂದು ಕೂರ್ತಾರೆ ಅಂದ್ಕೊಂಡಿದ್ದೆ. ಯಾರೂ ಬರಲಿಲ್ಲ. ಅಷ್ಟರಲ್ಲಿ ಗಿರಣಿ ಶುರುವಾಯ್ತು. ನನ್ನ ಪಾಳಿ ಯಾರೂ ಬಿಡಿಸಲೇ ಇಲ್ಲ ಕಣೋ. ಅದು ಇನ್ನೂ ನಂದೇ."

ಇಷ್ಟು ವರ್ಷ ತಮ್ಮ ಅವಳಿಗೆ ಸದ್ದು ಹುಡುಕಿಕೊಟ್ಟಿದ್ದ, ಡಾಕ್ಟರು, ಮಾತ್ರೆ, ಸೀಟು ಎಂದು ಒದ್ದಾಡಿದ್ದ. ಅವಳಿಗೆ ಬೇಕಾಗಿದ್ದುದು ಪಕ್ಕದಲ್ಲಿ ಬಂದು ಬಗ್ಗುವ ಒಬ್ಬ ಮನುಷ್ಯ. ಅವನು ತನ್ನ ಟೋಪಿ ತೆಗೆದ. ದಪ್ಪ ಮೈಯನ್ನು ಕಷ್ಟಪಟ್ಟು ಮಡಿಸಿ ಚಪ್ಪಡಿಯ ಮೇಲೆ ಮಂಡಿಯೂರಿದ.

"ಈಗ ನನ್ನ ಪಾಳಿ ಅಕ್ಕ," ಎಂದ. "ನೀನು ಮಲಗು."

ಅವಳು ಅವನನ್ನೇ ನೋಡಿದಳು. "ನನ್ನ ಸಮಾಧಾನಕ್ಕೆ ಅಂತ ಕೂರಬೇಡ. ಕೂತ್ರೆ ನಿಜವಾಗ್ಲೂ ಕೇಳಬೇಕು."

"ಕೇಳ್ತೀನಿ."

ಅವನು ತಣ್ಣನೆಯ ಕಬ್ಬಿಣಕ್ಕೆ ಕಿವಿ ಹಚ್ಚಿದ ಮೇಲೆಯೇ ಅವಳು ಕೈ ಬಿಟ್ಟಳು. ಬಿಸಿಲಿಗೆ ಬೆಚ್ಚಗಾಗಿದ್ದ ಚಪ್ಪಡಿಯ ಮೇಲೆ, ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿ, ಸೆರಗು ಮುಖಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಸೆರಗು ಉಸಿರಿಗೆ ಏರುವುದು ಇಳಿಯುವುದು ಒಂದೇ ಸಮನಾಯಿತು. ಯಾವ ಸದ್ದೂ ಇಲ್ಲದ ಜಾಗದಲ್ಲಿ ಅವಳು ನಿದ್ದೆ ಹೋಗಿದ್ದಳು.

ಇನ್ನು ಎಚ್ಚರವಿರಬೇಕಾದವನು ಅವನು. ಕೊಳವೆಯೊಳಗೆ ಮೊದಲು ಅವನ ರಕ್ತದ ಸದ್ದೇ ಕೇಳಿಸಿತು. ಅದು ತಗ್ಗಿದ ಮೇಲೆ ಕೆಳಗಿನ ಕತ್ತಲೆ ಕೇಳಿಸತೊಡಗಿತು, ಎಲ್ಲೋ ಆಳದಲ್ಲಿ ನೀರು ಬಹಳ ನಿಧಾನವಾಗಿ ಉಸಿರಾಡುವಂತೆ. ಅವನಿಗೆ ಹೆದರಿಕೆಯಾಯಿತು. ತಟ್ಟುವುದು ಕೇಳಿಸಲಾರದು ಎಂದಲ್ಲ. ಕೇಳಿಸಿಬಿಟ್ಟರೆ ಏನು ಮಾಡಲಿ ಎಂದು. ಕಿವಿ ತೆಗೆದು ಕೂತರೂ ಅಕ್ಕನಿಗೆ ತಿಳಿಯುವುದಿಲ್ಲ. ಹಾಡೊಂದನ್ನು ಗುನುಗಿಕೊಂಡರೂ ಆದೀತು. ಹಾರನ್, ರೇಡಿಯೋ, ಕಿರುಗುಟ್ಟುವ ಫ್ಯಾನು, ಬದುಕಿನುದ್ದಕ್ಕೂ ಅವನು ಕಟ್ಟಿಕೊಂಡಿದ್ದ ಗೋಡೆಗಳೆಲ್ಲ ಈ ಕೊಳವೆಗೆ ಅಡ್ಡ ಇಟ್ಟವುಗಳೇ ಎಂದು ಅವನಿಗೆ ಹೊಳೆಯಿತು. ಅವನು ಕಿವಿ ತೆಗೆಯಲಿಲ್ಲ. ಮೈಯೆಲ್ಲ ಕಿವಿಯಾಗಿ ಕೂತ. ಭಾವ ತಟ್ಟೆಯಿಂದ ತಟ್ಟೆಗೆ ಸರಿಸುವಾಗ ಆಗುತ್ತಿದ್ದ ಸದ್ದು ನೆನಪಾಯಿತು, ಅವನ ನಗು ನೆನಪಾಯಿತು. ಅವೆಲ್ಲ ಅವನ ತಲೆಯೊಳಗಿನವು, ಕೊಳವೆಯೊಳಗಿನವಲ್ಲ. ಎರಡನ್ನೂ ಅವನು ಪ್ರಾಮಾಣಿಕವಾಗಿ ಬೇರೆ ಬೇರೆ ಮಾಡಿದ.

ನೆರಳು ಸರಿಯಿತು. ಕಂಡಕ್ಟರಮ್ಮ ಬೀದಿಯಲ್ಲಿ ಏದುಸಿರು ಬಿಡುತ್ತ ಬಂದಳು, ಡಿಪೋದವರು ಫೋನಿನಲ್ಲಿ ಹೇಳಿಕೊಟ್ಟಂತೆ ಮಾಡಿದ ಮೇಲೆ ಬಸ್ಸು ಸರಿಹೋಯಿತು ಎಂದು ಹೇಳಲು. ದೂರದಿಂದಲೇ ಕಂಡದ್ದನ್ನು ನೋಡಿ ನಿಂತಳು. ಅವಳ ಅಜ್ಜನೂ ಗಣಿಯವನೇ, ಬಿಡಿಸಿ ಹೇಳಬೇಕಾಗಿರಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ಯಾವಾಗಲೂ ವಟಗುಟ್ಟುವ ಆ ಹೆಂಗಸು ಬಸ್ಸಿನವರಿಗೆಲ್ಲ ಕೈಸನ್ನೆಯಲ್ಲೇ ತಿಳಿಸಿದಳು. ಚಿಕ್ಕವರು ಫೋನುಗಳನ್ನು ಆರಿಸಿದರು. ಉತ್ತರದಿಂದ ಒಂದು ಲಾರಿ ಬಂದಾಗ ಅವಳು ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದಳು. ಲಾರಿಯವನು ಹುಲ್ಲಿನ ಮೇಲೆ ಟೋಪಿ ತೆಗೆದು ಕೂತಿದ್ದ ಮುದುಕರನ್ನು ಕಂಡು ಎಂಜಿನ್ ಆರಿಸಿದ. ಅವನ ಹಿಂದೆ ಬಂದ ಕಾರೂ ನಿಂತಿತು. ಹೆದ್ದಾರಿಯ ಮೇಲೆ ವಾಹನಗಳೆಲ್ಲ ಮಲಗಿದಂತೆ ಸಾಲಾಗಿ ನಿಂತವು. ಡಿಪೋದಿಂದ ಬಂದ ಫೋನನ್ನು ಕಂಡಕ್ಟರಮ್ಮ ತೆಗೆಯಲೇ ಇಲ್ಲ.

ಬಿಸಿಲು ಕೆಂಪಗಾಗುವ ಹೊತ್ತಿಗೆ ಅಕ್ಕ ತಾನಾ‌ಗಿಯೇ ಎದ್ದಳು. ಮುಖದ ಮೇಲೆ ಚೀಲದ ನೇಯ್ಗೆಯ ಗುರುತು ಬಿದ್ದಿತ್ತು. ತಮ್ಮ ಕೂತಲ್ಲೇ ಕೂತಿದ್ದ, ಕಿವಿಗೆ ತುಕ್ಕು ಮೆತ್ತಿತ್ತು, ಕಾಲು ಜೋಮು ಹಿಡಿದಿತ್ತು.

"ಏನಾದ್ರೂ ಕೇಳಿಸ್ತಾ?" ಎಂದಳು.

"ಇಲ್ಲ ಅಕ್ಕ. ಪೂರ್ತಿ ಕೇಳ್ದೆ. ಏನೂ ಇಲ್ಲ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಇವನು ಸುಳ್ಳು ಹೇಳಿದರೆ ಕಂಡುಹಿಡಿಯುವುದು ಅವಳಿಗೆ ಇವನ ಹಾಲುಹಲ್ಲಿನ ಕಾಲದಿಂದಲೂ ಗೊತ್ತು.

"ಹಾಗಾದ್ರೆ ಹೋಗಿಬಿಟ್ಟಿದಾರೆ," ಎಂದಳು.

ಆಮೇಲೆ ಅವಳು ಅತ್ತಳು. ಯಾರೂ ಎಂದೂ ದನಿಯೆತ್ತದ ಆ ಜಾಗದಲ್ಲಿ, ಗಂಡನ ಹೆಸರು ಹಿಡಿದು, ಎದೆ ಬಡಿದುಕೊಂಡು, ರಸ್ತೆಯಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಜೋರಾಗಿ ಅತ್ತಳು. ತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಸುಮ್ಮನಿರು ಎಂದು ಅವನು ಒಂದು ಸಲವೂ ಹೇಳಲಿಲ್ಲ.